ಹೆಗಲ ಮೇಲಿಟ್ಟ ಸ್ಟಿಕ್

ಐದು ಮಂದಿಯ ಹಾಕಿಯಲ್ಲಿ ಆಟಗಾರ್ತಿಯನ್ನು ಬದಲಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಆಟ ನಡೆದಿರುವಾಗಲೇ ಒಬ್ಬಳು ಹೊರಗೆ ಬರಬಹುದು, ಇನ್ನೊಬ್ಬಳು ಒಳಗೆ ಹೋಗಬಹುದು. ಅಂಪೈರ್ ಸೀಟಿ ಊದುವುದಿಲ್ಲ, ಗಡಿಯಾರ ನಿಲ್ಲುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನ ನನ್ನ ಕೈ ಕಟ್ಟಿಹಾಕಿದವರು ಯಾರೂ ಇರಲಿಲ್ಲ.

ನಾನು ಧಾರವಾಡದ ಮಾಳಮಡ್ಡಿ ಕಡೆಯ ಒಂದು ಶಾಲೆಯಲ್ಲಿ ಆಟದ ಟೀಚರ್. ನಮ್ಮ ಮೈದಾನ ಹೆಸರಿಗಷ್ಟೇ ಮೈದಾನ. ಮೂರು ಕಡೆ ಕಾಂಪೌಂಡ್ ಗೋಡೆ ಇರುವ ಹಿತ್ತಿಲು. ಶಾಲೆ ಮುಗಿಸಿಹೋದ ಹುಡುಗಿಯರೂ ಸಂಜೆ ಅಲ್ಲಿ ಆಡಲು ಬರುತ್ತಿದ್ದರು. ಚೆಂಡು ಗೋಡೆಗೆ ಬಡಿದಾಗಲೆಲ್ಲ ಪಕ್ಕದ ಮನೆಯ ಅಜ್ಜ ಜಗಳಕ್ಕೆ ಬರುತ್ತಿದ್ದರು. ನಾನೂ ಬಿಡುವವಳಲ್ಲ, ಜಗಳದಲ್ಲಿ ನನ್ನ ದನಿಯೇ ಮೇಲೆ. ಐದು ಮಂದಿಯ ಆಟ ಬಂದ ಮೇಲೆ ಅದೇ ಗೋಡೆ ನಮ್ಮ ಕೈ ಹಿಡಿಯಿತು. ಆ ಅಂಕಣದ ಬದಿಗೆ ಹಲಗೆ ಇರುತ್ತದೆ, ಚೆಂಡು ಹಲಗೆಗೆ ಬಡಿದರೂ ಆಟ ಮುಂದುವರಿಯುತ್ತದೆ. ದೊಡ್ಡ ಮೈದಾನದ ಹುಡುಗಿಯರು ಚೆಂಡು ಹೊರಗೆ ಹೋಯಿತೆಂದು ನಿಂತುಬಿಡುತ್ತಿದ್ದರು, ನಮ್ಮವರು ನಿಲ್ಲುತ್ತಿರಲಿಲ್ಲ. ಅವರಲ್ಲೂ ಒಬ್ಬಳಿಗೆ, ಚೆಂಡು ಬಡಿಯುವ ಮೊದಲೇ ಅದು ಎಲ್ಲಿಗೆ ಬರುತ್ತದೆಂದು ಗೊತ್ತಾಗುತ್ತಿತ್ತು. ಡಿಗ್ರಿ ಓದುತ್ತಿದ್ದಳು. ಕ್ರೀಡಾ ಕೋಟಾದಲ್ಲಿ ಪೊಲೀಸ್ ಆಗಬೇಕೆಂಬುದು ಅವಳ ಆಸೆ. ಅದಕ್ಕೆ ರಾಜ್ಯ ಮಟ್ಟದಲ್ಲಿ ಆಡಬೇಕು, ಅಲ್ಲಿಗೆ ಹೋಗಲು ಹುಬ್ಬಳ್ಳಿಯ ಅರ್ಹತಾ ಪಂದ್ಯಾವಳಿ ಗೆಲ್ಲಬೇಕು.

ಉಳಿದವರಿಗೆ ಪರೀಕ್ಷೆ ಇತ್ತು. ಆರೇ ಹುಡುಗಿಯರನ್ನು ಕರೆದುಕೊಂಡು ಹೋದೆ, ಅಂಕಣದಲ್ಲಿ ಐವರು, ಹೊರಗೆ ಒಬ್ಬಳು. ಗದ್ದಲದಲ್ಲಿ ಕೂಗಿದ್ದು ಕೇಳುವುದಿಲ್ಲವೆಂದು ನಾನೊಂದು ಗುರುತು ಮಾಡಿದ್ದೆ. ಸ್ಟಿಕ್ ಹೆಗಲ ಮೇಲಿಟ್ಟರೆ, ನನ್ನನ್ನು ಹೊರಗೆ ತೆಗೆಯಿರಿ ಎಂದರ್ಥ. ಜೊತೆಗೆ ಒಂದು ಕಟ್ಟಳೆ: ನಾನು ಕರೆಯದೆ ಅಂಕಣ ಬಿಟ್ಟವಳಿಗೆ ಮುಂದೆ ತಂಡದಲ್ಲಿ ಜಾಗವಿಲ್ಲ. ಆಟದ ನಿಯಮದಲ್ಲಿ ಇಲ್ಲದ್ದು ಇದು, ನನ್ನ ಸಿಟ್ಟು ಮಾಡಿದ ನಿಯಮ.

ಫೈನಲ್ ಮುಗಿಯಲು ನಾಲ್ಕು ನಿಮಿಷ ಇತ್ತು, ಎರಡೂ ಕಡೆ ಸಮ. ಹಲಗೆಯ ಹತ್ತಿರ ಗಕ್ಕನೆ ತಿರುಗಿದ ಆ ಡಿಗ್ರಿ ಹುಡುಗಿಯ ಮೊಣಕಾಲು ಒಳಗೆ ವಾಲಿತು. ಅವಳು ಸ್ಟಿಕ್ ಹೆಗಲ ಮೇಲಿಟ್ಟಳು. ನಾನು ನೋಡಿದೆ. ಹೊರಗಿದ್ದವಳನ್ನು ಕಳಿಸಿದರೆ ಸೋಲುತ್ತೇವೆ ಎಂಬುದೂ ಅದೇ ಗಳಿಗೆಗೆ ಹೊಳೆಯಿತು. ಬಗ್ಗಿ ಷೂ ಲೇಸು ಕಟ್ಟಿದೆ. ಲೇಸು ಬಿಚ್ಚಿರಲೇ ಇಲ್ಲ. ತಲೆ ಎತ್ತಿದಾಗ ಸ್ಟಿಕ್ ಇನ್ನೂ ಹೆಗಲ ಮೇಲಿತ್ತು. ನಾನು ಗೋಲ್‌ಕೀಪರ್ ಕಡೆ ತಿರುಗಿ ಏನೋ ಕೂಗಿದೆ. ಆಮೇಲೆ ಅವಳು ಸ್ಟಿಕ್ ಇಳಿಸಿ, ಕುಂಟುತ್ತ ಓಡಿ, ಹಲಗೆಗೆ ಬಡಿದು ಬಂದ ಚೆಂಡನ್ನು ಗೋಲಿಗೆ ಹೊಡೆದು, ಅಲ್ಲೇ ಬಿದ್ದಳು. ಗೆದ್ದೆವು. ರಾಜ್ಯ ಮಟ್ಟಕ್ಕೆ ಅವಳ ಬದಲು ಹೊರಗಿದ್ದವಳು ಹೋದಳು. ಇವಳು ಮತ್ತೆ ಆಡಲಿಲ್ಲ.

ಈಗಲೂ ಬಸ್ ಸ್ಟಾಪಿನಲ್ಲಿ ಯಾರಾದರೂ ಕೊಡೆಯನ್ನು ಹೆಗಲ ಮೇಲಿಟ್ಟುಕೊಂಡು ನಿಂತರೆ ನಾನು ಥಟ್ಟನೆ ನಿಂತುಬಿಡುತ್ತೇನೆ. ಒಮ್ಮೊಮ್ಮೆ ಖಾಲಿ ಹಿತ್ತಿಲಿನಲ್ಲಿ ಅವಳು ನಿಂತಿರುತ್ತಾಳೆ. ಇಲ್ಲವೆಂದು ಗೊತ್ತಿದ್ದೂ ಆ ಕಡೆ ನೋಡಲು ಹೆದರುತ್ತೇನೆ.

ಹೋದ ವರ್ಷ ಬೈರಿದೇವರಕೊಪ್ಪದ ಒಂದು ಔಷಧ ಅಂಗಡಿಯಲ್ಲಿ ಅವಳೇ ಸಿಕ್ಕಳು. ಸ್ಟೂಲಿನಿಂದ ಏಳಲು ಕೌಂಟರ್ ಹಿಡಿದುಕೊಂಡಳು. ನಾನು ಮಾತು ಹುಡುಕುವಷ್ಟರಲ್ಲಿ ಅವಳೇ ಶುರು ಮಾಡಿದಳು.

"ಟೀಚರ್, ಮನ್ಯಾಗ ಇನ್ನೂ ನಿಮ್ಮನ್ನ ಬೈತಾರ್ರಿ. ನಾ ಹೇಳ್ತೇನಿ, ಟೀಚರ್ ನೋಡಿದ್ದಿಲ್ಲ, ನೋಡಿದ್ರ ಒಂದ ನಿಮಿಷನೂ ಆಡಾಕ ಬಿಡ್ತಿದ್ದಿಲ್ಲ ಅಂತ. ಖರೇ ಹೌದಲ್ರಿ?"

ಖರೆ ಹೇಳಲೆಂದೇ ಬಾಯಿ ತೆರೆದೆ. "ಹೌದವ್ವಾ, ನೋಡಿದ್ದಿಲ್ಲ" ಎಂಬ ಮಾತು ಹೊರಬಂತು. ಅವಳ ಮುಖ ಅರಳಿತು. ಮರುವಾರವೇ ತಂಗಿಯನ್ನು ನನ್ನ ಹತ್ತಿರ ಕಳಿಸಿದಳು.

ತಂಗಿ ಅಕ್ಕನಿಗಿಂತ ಚುರುಕು. ಅವಳು ಸ್ವಲ್ಪ ಏದುಸಿರು ಬಿಟ್ಟರೂ ನಾನು ಹೊರಗೆ ಕರೆಯುತ್ತೇನೆ, ಸಾಕ್ಸ್ ಸರಿಮಾಡಲು ಬಗ್ಗಿದರೂ ಕರೆಯುತ್ತೇನೆ. ಮೊನ್ನೆ ಗೆಲ್ಲುವ ಆಟದಲ್ಲಿ ಮೂರನೆಯ ಸಲ ಕರೆದಾಗ ಸ್ಟಿಕ್ ನೆಲಕ್ಕೆ ಒಗೆದಳು.

"ನನಗ ಏನೂ ಆಗಿಲ್ರಿ ಟೀಚರ್! ನಮ್ಮಕ್ಕನ್ನೂ ಹಿಂಗ ಹೊರಗ ತಗೀತಿದ್ರೇನ್ರಿ?"

"ಇಲ್ಲ" ಎಂದೆ.

"ಹಂಗಾರ ನನಗಷ್ಟ ಯಾಕ್ರಿ ಈ ಶಿಕ್ಷಾ?" ಎಂದವಳು ನನಗೆ ಬೆನ್ನು ಮಾಡಿ ಕೂತು ಅತ್ತಳು.