ತೆಪ್ಪದಲ್ಲಿ ಒಣ ಕೆರೆಯ ಫೋಟೋ

ನಾನು ಸರ್ವೇಯರ್. ಮಧುಗಿರಿ ಸೀಮೆಯ ಹಳ್ಳಿಗಳಲ್ಲಿ ಬಹಳ ವರ್ಷಗಳಿಂದ ಬೇರೆಯವರ ಜಮೀನು ಅಳೆದುಕೊಂಡು ಬಂದವಳು. ಒಂದು ಬದುವಿಗಾಗಿ ಅಣ್ಣತಮ್ಮಂದಿರು ಮಚ್ಚು ಹಿಡಿದು ನಿಂತಾಗ ನಡುವೆ ಹೋಗಿ, "ಕಲ್ಲು ಬರೋದು ಇಲ್ಲೇ. ಒಪ್ಪಿದ್ರೆ ಒಪ್ಪಿ, ಇಲ್ಲಾಂದ್ರೆ ಕೋರ್ಟಿಗೆ ಅಲೀರಿ" ಅಂದು ಬಂದಿದ್ದೇನೆ. ಸರ್ವೇಯರಮ್ಮನ ಬಾಯಿಗೆ ಬೀಗ ಇಲ್ಲ, ಅಳತೆಗೆ ಮೋಸ ಇಲ್ಲ ಅನ್ನುತ್ತಾರೆ. ಎರಡೂ ನಿಜ ಅಂತ ನಾನೂ ನಂಬಿಕೊಂಡಿದ್ದೆ.

ನಮ್ಮನೆಯವರು ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದರು. ಒಂದು ಬೇಸಿಗೆಯ ಬೆಳಿಗ್ಗೆ ಮುದ್ದೆ ಮುರಿಯುತ್ತಾ ಕೂತವರು ಎದೆ ಹಿಡಿದುಕೊಂಡರು. ಆಟೋದಲ್ಲಿ ಹಾಕಿಕೊಂಡು ಹೊರಟೆವು. ಐ.ಡಿ.ಹಳ್ಳಿ ದಾಟುವಷ್ಟರಲ್ಲಿ ಮುಗಿದಿತ್ತು. ತಲೆ ನನ್ನ ತೊಡೆಯ ಮೇಲಿತ್ತು. ನಾನು ಆಟೋದವನಿಗೆ, "ಇನ್ನು ಅವಸರ ಬೇಡಪ್ಪ, ನಿಧಾನ ಹೋಗು" ಅಂದೆ. ಅವನು ತಿರುಗಿ ನನ್ನ ಮುಖ ನೋಡಿದ. ಅವತ್ತಿನಿಂದ ನನಗೆ ಎಲ್ಲವೂ ನಿಧಾನವೇ ಆಗಿಹೋಯಿತು. ಯಾರಾದರೂ ಮಾತಾಡಿಸಿದರೆ ಆ ಮಾತು ಕಿವಿಗೆ ಬಿದ್ದು, ಅರ್ಥವಾಗಿ, ಉತ್ತರ ಬಾಯಿಗೆ ಬರುವಷ್ಟರಲ್ಲಿ ಅವರು ಎದ್ದು ಹೋಗಿರುತ್ತಿದ್ದರು.

ಎಲ್ಲಿ ಹೂಳುವುದು ಅನ್ನುವ ಮಾತು ಬಂತು. ನಮ್ಮ ಹೊಲದ ಕೆಳಗಿನ ತುದಿ ದಾಟಿದರೆ ಊರಿನ ಕೆರೆಯ ಅಂಗಳ. ಕೆರೆ ಅಂತ ಹೆಸರಿಗೆ. ನಾನು ಸೊಸೆಯಾಗಿ ಬಂದ ಮೇಲೆ ಅದರಲ್ಲಿ ಮೊಣಕಾಲುದ್ದ ನೀರು ಕೂಡ ಕಂಡವಳಲ್ಲ. ಜಾಲಿ ಮರ, ಕುರಿಮಂದೆ, ಬಿರುಕು ಬಿಟ್ಟ ಮಣ್ಣು, ಇಷ್ಟೇ. ಅಂಗಳದ ಒಳಗೆ ಒಂದು ಕುಳ್ಳ ಜಾಲಿ ಮರವಿತ್ತು. ಸಂಜೆ ಅದರ ಕೆಳಗೆ ಕೂತು ಬೀಡಿ ಸೇದುವುದು ನಮ್ಮನೆಯವರ ಅಭ್ಯಾಸ. "ಅವನು ಕುಂತ್ಕಂತಿದ್ದ ಮರದ ಅತ್ತಾಗೇ ಗುಂಡಿ ತೋಡನ" ಅಂದರು ಅವರ ದೊಡ್ಡಪ್ಪ. ಅದು ಕೆರೆಯ ನೀರು ನಿಲ್ಲುವ ಗೆರೆಯ ಒಳಗೆ ಬರುತ್ತದೆ ಎಂದು ಇಡೀ ಊರಿನಲ್ಲಿ ನನಗೊಬ್ಬಳಿಗೆ ಖಚಿತವಾಗಿ ಗೊತ್ತಿತ್ತು. ಕೆರೆಯ ಸರ್ವೇ ನಕ್ಷೆ ನಾನು ನೋಡಿದ್ದೆ. ಹೇಳಿದ್ದರೆ, "ಈ ಕೆರೆ ತುಂಬೋ ಹೊತ್ಗೆ ನಮ್ ಮೊಮ್ಮಕ್ಳಿಗೆ ಗಡ್ಡ ಬಂದಿರ್ತೈತೆ, ಸುಮ್ಕಿರಮ್ಮ" ಅನ್ನುತ್ತಿದ್ದರೇನೋ. ನಾನು ಹೇಳಲೇ ಇಲ್ಲ.

ನಮ್ಮ ಮನೆತನದಲ್ಲಿ ಹೆಂಗಸರು ಗುಂಡಿಯ ತನಕ ಹೋಗುವ ಪದ್ಧತಿ ಇಲ್ಲ. ಆ ಜಾಲಿ ಮರದ ಬುಡದಲ್ಲಿ ನಮ್ಮನ್ನು ನಿಲ್ಲಿಸಿದರು. ಚಟ್ಟ ಹೊತ್ತವರು ಮುಂದೆ ಹೋದರು. ನನ್ನ ಪಕ್ಕ ಅತ್ತೆ ಕುಕ್ಕರುಗಾಲಲ್ಲಿ ಕೂತು, ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಬಾಯಿ ಬಡಿದುಕೊಳ್ಳುತ್ತಿದ್ದರು. ನನಗೆ ಅಳು ಬರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು. ಫೋನ್ ತೆಗೆದೆ. ಮ್ಯಾಪ್ ತೆರೆದು ಜಾಗದ ಗುರುತು ಹಾಕಲು ಹೊರಟೆ. ಮರದ ಕೆಳಗೆ ಉಪಗ್ರಹದ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಇಪ್ಪತ್ತು ಮೀಟರ್ ವ್ಯತ್ಯಾಸ ತೋರಿಸುತ್ತಿತ್ತು. ಹದಿನೈದಕ್ಕೆ ಬಂತು. ಹತ್ತಾಯಿತು. ನಾಲ್ಕಕ್ಕೆ ಇಳಿಯುವ ತನಕ ಕಾದೆ. ನಾಲ್ಕಾದ ಕೂಡಲೇ ಗುರುತು ಹಾಕಿ, ಅದಕ್ಕೆ ಅವರ ಹೆಸರು ಬರೆದು, ತಲೆ ಎತ್ತಿದೆ. ಗಂಡಸರು ಕೈಯ ಮಣ್ಣು ಝಾಡಿಸಿಕೊಂಡು ನಮ್ಮ ಕಡೆ ಬರುತ್ತಿದ್ದರು. ಅತ್ತೆಯನ್ನು ಎಬ್ಬಿಸಿಕೊಂಡು ಮನೆಗೆ ಬಂದೆವು.

ಮೂರನೇ ದಿನದ ಹಾಲು ತುಪ್ಪವನ್ನೂ ಗಂಡಸರೇ ಬಿಟ್ಟು ಬಂದರು. ಹೆಂಗಸರು ಮೊದಲ ಸಲ ಹೂತ ಜಾಗದ ಗುಡ್ಡೆ ನೋಡುವುದು ಹಿರಿಯರಿಗೆ ಎಡೆ ಇಡುವ ಮಾರ್ನಮಿ ಅಮಾಸೆಗೆ, ಎಡೆ ಹೊತ್ತುಕೊಂಡು. ಅಲ್ಲಿಯವರೆಗೆ ಅತ್ತೆ ದಿನ ಎಣಿಸುತ್ತಿದ್ದರು. ನಾನು ಆಫೀಸಿಗೆ ಹೋಗಿ ಬರುತ್ತಿದ್ದೆ. ಊರ ಹೆಂಗಸರು ನನ್ನ ಕಣ್ಣಿನ ಮೇಲೆ ಒಂದು ಕಣ್ಣಿಟ್ಟಿದ್ದರು. ಒಂದು ದಿನ ಅತ್ತೆಯೇ ಕೇಳಿಬಿಟ್ಟರು, "ನಿನ್ ಕಣ್ಣಾಗೆ ಒಂದ್ ತೊಟ್ಟು ನೀರು ಬರ್ಲಿಲ್ವಲ್ಲೇ, ಎಂಥಾ ಕಲ್ಲು ಬಡ್ಕಂಡು ಹುಟ್ಟಿದೀಯೇ ನೀನು?" ನನಗೆ ಸಿಟ್ಟೂ ಬರಲಿಲ್ಲ. "ಅನ್ನ ಬಡಿಸ್ಲಾ ಅತ್ತೆ?" ಅಂದೆ.

ಆಮೇಲೆ ಮಳೆ ಹಿಡಿಯಿತು. ಮೇಲಿನ ಕೆರೆಗಳೆಲ್ಲ ತುಂಬಿ, ಒಂದರ ಕೋಡಿ ಇನ್ನೊಂದಕ್ಕೆ ಹರಿದು, ಭಾದ್ರಪದದ ಹೊತ್ತಿಗೆ ನಮ್ಮ ಕೆರೆಯೂ ಕೋಡಿ ಬಿತ್ತು. ಜನ ಏರಿಯ ಮೇಲೆ ಕುಣಿದರು. ಗಂಗಮ್ಮನಿಗೆ ಬಾಗಿನ ಬಿಟ್ಟರು. ಶಿರಾದಿಂದ, ಕೊರಟಗೆರೆಯಿಂದ ನೆಂಟರೆಲ್ಲ ಬಂದು ನೀರಿನ ಮುಂದೆ ನಿಂತು ಫೋಟೋ ಹೊಡೆಸಿಕೊಂಡರು. ನಾನು ಏರಿಯ ಮೇಲೆ ನಿಂತು ನೋಡಿದೆ. ಅತ್ತೆ ನನ್ನ ತೋಳು ಹಿಡಿದುಕೊಂಡು, "ಲೇ, ನನ್ ಮಗ ಎಲ್ಲವ್ನೆ ಇದ್ರಾಗೆ?" ಅಂದರು.

"ಫೋನಲ್ಲಿದೆ ಅತ್ತೆ. ಗುರುತು ಹಾಕ್ಕಂಡಿದೀನಿ" ಅಂದೆ. ಆ ಹೊತ್ತಿನಲ್ಲಿ ಅದು ಸುಳ್ಳು ಎಂದು ನನಗೇ ಹೊಳೆದಿರಲಿಲ್ಲ. ಅತ್ತೆ ನನ್ನ ಕೆನ್ನೆ ಸವರಿದರು. ಮದುವೆಯಾದ ಮೇಲೆ ಮೊದಲ ಸಲ.

ಆದರೂ ತಾಳೆ ನೋಡಲು ಚಟ್ಟ ಹೊತ್ತವರನ್ನು ಕೇಳಿದೆ. ಒಬ್ಬರು ಮರದಿಂದ ಈಚೆಗೆ ಅಂದರು. ಇನ್ನೊಬ್ಬರು, ಈಚೆಗಲ್ಲ ಆಚೆಗೆ, ಬೆಟ್ಟದ ದಿಕ್ಕಿಗೆ ಅಂದರು. ದೊಡ್ಡಪ್ಪ ನೀರನ್ನೇ ನೋಡುತ್ತಾ ನಿಂತು, "ಎಲ್ಲಾ ಒಂದೇ ತರ ಕಾಣ್ತೈತೆ ಕಣಮ್ಮ. ಬ್ಯಾಸಿಗೇಲಿ ನೀರು ಇಳೀಲಿ, ಆಗ ನೋಡನ" ಅಂದರು. ಬೇಸಿಗೆಯ ತನಕ ಕಾಯಲು ಅತ್ತೆ ಸಿದ್ಧವಿರಲಿಲ್ಲ. ಮೊದಲ ವರ್ಷದ ಎಡೆ ಗುಡ್ಡೆಗೆ ಮುಟ್ಟದಿದ್ದರೆ ಸತ್ತವನು ಹಸಿದುಕೊಂಡು ಊರ ಬಾಗಿಲಲ್ಲೇ ನಿಂತಿರುತ್ತಾನೆ ಅನ್ನುವುದು ಅವರ ನಂಬಿಕೆ. "ಹಸಿವು ತಡೆಯಾಕಿಲ್ಲ ಕಣೇ ಅವ್ನು, ಚಿಕ್ಕೋನಾಗಿಂದ್ಲೂ" ಅಂದರು.

ಕೆರೆಗೆ ಮೀನು ಮರಿ ಬಿಟ್ಟು ಗುತ್ತಿಗೆ ಹಿಡಿದವನು ಪಾವಗಡದ ಕಡೆಯವನು. ಅರ್ಧ ತೆಲುಗು, ಅರ್ಧ ಕನ್ನಡ. ಅವನ ಹತ್ತಿರ ಒಂದು ಫೈಬರ್ ತೆಪ್ಪ ಇತ್ತು. ನಾನು ಕೇಳಿಕೊಂಡಿದ್ದರಿಂದ ಅಮಾಸೆಯ ಬೆಳಿಗ್ಗೆ ಬಲೆಗಳನ್ನೆಲ್ಲ ದಡಕ್ಕೆ ಹಾಕಿ, ತೆಪ್ಪವನ್ನು ತೊಳೆದಿಟ್ಟಿದ್ದ. ಅವನ ಕೊರಳಲ್ಲಿ ಒಂದು ದೊಡ್ಡ ಟ್ಯಾಬ್ ನೇತಾಡುತ್ತಿತ್ತು. ಮಗಳ ಆನ್‌ಲೈನ್ ಪಾಠಕ್ಕೆ ಕೊಡಿಸಿದ್ದಂತೆ. ಈಗ ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕವರಿನ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿದ್ದ.

ಅತ್ತೆ ಜೀವಮಾನದಲ್ಲಿ ತೆಪ್ಪ ಹತ್ತಿದವರಲ್ಲ. ಒಂದು ಕಾಲಿಟ್ಟೊಡನೆ ಅದು ಓಲಾಡಿತು. "ಲೇ ಲೇ ಲೇ, ಹಿಡ್ಕಳೋ! ಮಗನ್ ತಾವ್ಕೆ ನನ್ನೂ ಕಳಿಸ್ಬುಟ್ಟಿಯಾ!" ಎಂದು ಕಿರುಚಿದರು. ಆಮೇಲೆ ನಡುವೆ ಕೂತು, ಎಡೆಯ ಕುಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿಕೊಂಡರು. ಕುಕ್ಕೆಯಲ್ಲಿ ಮುದ್ದೆ, ಕೋಳಿ ಸಾರು, ಒಬ್ಬಟ್ಟು, ಎರಡು ಕಟ್ಟು ಬೀಡಿ. ಬೆಂಕಿಪೊಟ್ಟಣ ಮರೆತಿದ್ದೆವು. ಅದು ನೆನಪಾದಾಗ ಅತ್ತೆ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ.

ಅವನ ಟ್ಯಾಬಿನಲ್ಲಿ ಮ್ಯಾಪು ತೆರೆದಿತ್ತು. ನೋಡಿದರೆ ಅದರಲ್ಲಿ ನೀರೇ ಇಲ್ಲ. ಯಾವುದೋ ಬೇಸಿಗೆಯಲ್ಲಿ ಆಕಾಶದಿಂದ ತೆಗೆದ ಫೋಟೋ. ಒಣಗಿದ ಕೆರೆ, ಕುರಿ ನಡೆದ ದಾರಿ, ಚುಕ್ಕೆ ಚುಕ್ಕೆಯಾಗಿ ಜಾಲಿ ಮರಗಳು. ನಾವು ನೀರಿನ ಮೇಲೆ ತೇಲುತ್ತಿದ್ದರೆ, ನಾವಿರುವ ಜಾಗ ತೋರಿಸುವ ನೀಲಿ ಚುಕ್ಕೆ ಒಣ ನೆಲದ ಮೇಲೆ ತೆವಳುತ್ತಿತ್ತು.

"ಹಳೇ ಫೋಟೋ ಅಲ್ವೇನಪ್ಪ ಇದು?" ಅಂದೆ.

"ಹಳೇದೇ ಮಂಚಿದಿ ಅಮ್ಮಾ, ಹಳೇದೇ ಒಳ್ಳೇದು" ಅಂದ, ಹುಟ್ಟು ಹಾಕುತ್ತಾ. "ನೀರು ನೋಡಿದ್ರೆ ಏಮಿ ತೆಲುಸ್ತದೆ? ಕೆಳಗಡೆ ಚೆಟ್ಲು ಎಲ್ಲೆಲ್ಲಿ ಅವೆ ಅಂತ ಇದ್ರಾಗೇ ಕಾಣೋದು. ಮರ ಸಿಕ್ರೆ ಬಲೆ ಹರಿದು ಚಿಂದಿ ಆಗೋಗ್ತದೆ. ಅದಕ್ಕೇ ಮರ ತಪ್ಪಿಸ್ಕಂಡು ಹೋಗ್ತೀನಿ."

ಚೆಟ್ಟು ಅಂದರೆ ತೆಲುಗಿನಲ್ಲಿ ಮರ. ಅವನು ಕಂಡ ಒಂದೊಂದು ಮರಕ್ಕೂ ಟ್ಯಾಬಿನಲ್ಲಿ ಕೆಂಪು ಗುರುತು ಹಾಕಿಟ್ಟಿದ್ದ. ಕೆಲಸಗಾರ. ನಾನು ನನ್ನ ಗುರುತನ್ನು ಅವನ ಟ್ಯಾಬಿಗೆ ಕಳುಹಿಸಿದೆ. ಅದು ಅಂಗಳದ ನಡುವೆ ಬಂದು ಕೂತಿತು. ಅವನು ಅದನ್ನು ನೋಡಿ ಹುಬ್ಬು ಗಂಟಿಕ್ಕಿದ.

ಬಿಸಿಲು ಏರುತ್ತಿತ್ತು. ದೂರದಲ್ಲಿ ಮಧುಗಿರಿ ಬೆಟ್ಟ. ಅತ್ತೆ ಗಳಿಗೆಗೊಮ್ಮೆ, "ಬಂತೇನೇ?" ಅನ್ನುತ್ತಿದ್ದರು. ನಾನು ದೂರ ಹೇಳುತ್ತಿದ್ದೆ: ನೂರು ಮೀಟರ್, ಅರವತ್ತು, ಇಪ್ಪತ್ತು. ನೀಲಿ ಚುಕ್ಕೆ ಗುರುತಿನ ಮೇಲೆ ಬಂದು ನಿಂತ ಕ್ಷಣವೇ ತೆಪ್ಪದ ತಳಕ್ಕೆ ಏನೋ ಕರಕರ ಉಜ್ಜಿತು. ಬಗ್ಗಿ ನೋಡಿದೆ. ನೀರಿನ ಮೇಲಿಂದ ಒಂದು ಗೇಣು ಕೆಳಗೆ, ಎಲೆ ಉದುರಿದ ಕೊಂಬೆಗಳು, ಮುಳ್ಳು.

"ಚೆಟ್ಟು ಅಮ್ಮಾ ಇದು" ಅಂದ ಅವನು ಮೆಲ್ಲಗೆ. "ನಾನು ಆಗ್ಲೇ ಅನ್ಕಂಡೆ. ನಿಮ್ ಗುರುತು ಮರದ ಮ್ಯಾಲೇ ಬಿದ್ದೈತೆ."

ಅತ್ತೆಯೂ ಬಗ್ಗಿದರು. ಕೊಂಬೆಗಳನ್ನು ತುಂಬಾ ಹೊತ್ತು ನೋಡಿದರು. "ಲೇ, ಇದು ನಾವು ನಿಂತಿದ್ ಜಾಗ" ಅಂದರು. "ಗುಡ್ಡೆ ಎಲ್ಲೇ?"

ಟ್ಯಾಬನ್ನು ಇಸಿದುಕೊಂಡು ಫೋಟೋವನ್ನು ದೊಡ್ಡದು ಮಾಡಿದೆ. ಮರದ ಸುತ್ತ ನೆಲ ಸಪಾಟಾಗಿತ್ತು. ಗುಡ್ಡೆ ಇರಲಿಲ್ಲ. ಇರಲು ಹೇಗೆ ಸಾಧ್ಯ? ಆ ಫೋಟೋ ತೆಗೆದ ದಿನ ಅವರು ಬದುಕಿದ್ದರು. ಯಾವುದೋ ಊರಿನಲ್ಲಿ ಯಾರದೋ ಮೋಟಾರು ಬಿಚ್ಚಿಕೊಂಡು ಕೂತಿದ್ದರೇನೋ.

ಆಗ ಅರ್ಥವಾಯಿತು. ಊರಿನವರ ಗಡಿಗಳನ್ನೆಲ್ಲ ಒಂದಡಿ ತಪ್ಪದೆ ಗುರುತಿಸುವವಳು ನನ್ನ ಗಂಡನನ್ನು ಮಣ್ಣು ಮಾಡುವಾಗ ನಾನು ನಿಂತಿದ್ದ ಜಾಗದ ಗುರುತು ಹಾಕಿಕೊಂಡಿದ್ದೆ. ಮರದಿಂದ ಯಾವ ದಿಕ್ಕಿಗೆ ಹೋದರು ಎಂದು ತಲೆಯೊಳಗೆ ಹುಡುಕಿದೆ. ಬರೀ ಅಂಕಿಗಳು ಸಿಕ್ಕವು. ಇಪ್ಪತ್ತು, ಹದಿನೈದು, ಹತ್ತು, ನಾಲ್ಕು. ನನಗೆ ನಾಚಿಕೆಯಾಯಿತು. ಆರು ತಿಂಗಳಲ್ಲಿ ನನಗೆ ಏನಾದರೂ ಅನ್ನಿಸಿದ್ದರೆ ಅದೇ ಮೊದಲು.

ಇದೇ ಜಾಗ ಅತ್ತೆ, ಮರ ಬೇರೆಯದು, ಎಂದು ಸುಳ್ಳು ಹೇಳಬಹುದಿತ್ತು. ಬಾಯಿಯವರೆಗೂ ಬಂತು. "ನಾನು ನೋಡ್ಲಿಲ್ಲ ಅತ್ತೆ" ಅಂದೆ. "ಅವ್ರನ್ನ ಗುಂಡಿಗಿಳಿಸೋವಾಗ ನಾನು ಫೋನ್ ನೋಡ್ಕಂಡು ನಿಂತಿದ್ದೆ."

ಬೈಗುಳ ಬರುತ್ತದೆ ಎಂದು ಕಾದೆ. ತೆಪ್ಪ ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು. ಮೀನಿನವನು ಬೇರೆ ಕಡೆ ಮುಖ ಮಾಡಿಕೊಂಡ.

"ನಾನೂ ನೋಡ್ಲಿಲ್ಲ ಕಣೇ" ಅಂದರು ಅತ್ತೆ. "ಸೆರಗು ಮುಚ್ಕಂಡಿದ್ನಲ್ಲ. ತೆಗೆಯೋ ಧೈರ್ಯ ಬರ್ಲಿಲ್ಲ. ಹೆಜ್ಜೆ ಎಣಿಸ್ದೆ ಅಷ್ಟೇಯ. ಒಣ ಮಣ್ಣು ಕಾಲ್ ಕೆಳ್ಗೆ ಪುಡಿ ಆಯ್ತಿತ್ತಲ್ಲ, ಆ ಸದ್ದಿಗೆ. ಹೊತ್ಕಂಡೋರು ಮರ ಬುಟ್ ಮ್ಯಾಕೆ ನಲವತ್ ಹೆಜ್ಜೆ ಇಕ್ಕಿದ್ರು. ಆಮ್ಯಾಕೆ ನಿಂತೋಯ್ತು."

ಬಾಯಿ ಬಡಿದುಕೊಂಡು ಅಳುತ್ತಿದ್ದ ಆ ಹೆಂಗಸು ಸೆರಗಿನೊಳಗೆ ಹೆಜ್ಜೆ ಎಣಿಸಿದ್ದರು. ನಾನು ಅವರ ಪಕ್ಕದಲ್ಲೇ ಇದ್ದೆ.

ಚಟ್ಟ ಹೊತ್ತವರ ಹೆಜ್ಜೆ ಗಿಡ್ಡ. ನಲವತ್ತು ಹೆಜ್ಜೆ ಅಂದರೆ ಇಪ್ಪತ್ತೈದು ಮೀಟರ್, ಹೆಚ್ಚೆಂದರೆ ಇಪ್ಪತ್ತೆಂಟು. ದೂರ ಗೊತ್ತಿದ್ದು ದಿಕ್ಕು ಗೊತ್ತಿಲ್ಲದಿದ್ದರೆ ಸಿಗುವುದು ಒಂದು ಸುತ್ತು. ನನ್ನ ಕೆಲಸದಲ್ಲಿ ಮೊದಲ ವಾರ ಕಲಿಸುವ ಪಾಠ ಅದು. "ಮರದ ಸುತ್ತ ಒಂದು ಸುತ್ತು ಹೋಗ್ಬೇಕಪ್ಪ" ಅಂದೆ. "ನಾನು ಹೇಳಿದ ಹಂಗೆ ಹುಟ್ಟು ಹಾಕು."

ಟ್ಯಾಬು ನನ್ನ ಕೈಯಲ್ಲಿತ್ತು. ಮರದ ಗುರುತಿನಿಂದ ದೂರ ಇಪ್ಪತ್ತಾರಕ್ಕೆ ಬಂದಾಗ ಶುರು ಮಾಡಿದೆವು. "ಸ್ವಲ್ಪ ಒಳಕ್ಕೆ. ಸಾಕು. ಇನ್ನು ಎಡಕ್ಕೆ." ಅತ್ತೆ ಮುದ್ದೆಯನ್ನು ಚೂರು ಚೂರು ಮುರಿದು ನೀರಿಗೆ ಬಿಡುತ್ತಾ ಬಂದರು. ಒಂದು ಮುದ್ದೆಯಲ್ಲಿ ಇಡೀ ಸುತ್ತು ಮುಗಿಯಬೇಕಲ್ಲ, ಅದಕ್ಕೇ ಕಡಲೆ ಕಾಳಿನಷ್ಟು ಚೂರುಗಳು. ಒಬ್ಬಟ್ಟನ್ನೂ, ಕೋಳಿ ಸಾರನ್ನೂ ಹಾಗೆಯೇ. ಬೀಡಿಗಳನ್ನು ನನಗೆ ಕೊಟ್ಟರು. ನಾನು ಒಂದೊಂದಾಗಿ ಹಾಕಿದೆ. ಅವು ಮುಳುಗಲಿಲ್ಲ, ನಮ್ಮ ಹಿಂದೆ ಸಾಲಾಗಿ ತೇಲಿದವು. ಎಲ್ಲೋ ಒಂದು ಕಡೆ ಅವರ ಮೇಲೆ ಹಾದುಹೋದೆವು. ಆ ಗಳಿಗೆ ಯಾವುದು ಎಂದು ನನಗೆ ತಿಳಿಯಲಿಲ್ಲ. ಏನೂ ಅನ್ನಿಸಲಿಲ್ಲ.

ಶುರು ಮಾಡಿದ ಜಾಗಕ್ಕೆ ವಾಪಸು ಬಂದಾಗ ಟ್ಯಾಬಿನ ಒಣ ಕೆರೆಯ ಮೇಲೆ ತೆಪ್ಪ ಹೋದ ದಾರಿ ಒಂದು ಸೊಟ್ಟ ಬಳೆಯ ಹಾಗೆ ಮೂಡಿತ್ತು. ದಡಕ್ಕೆ ಬಂದ ಮೇಲೆ ಮೀನಿನವನು ಅದನ್ನು ನೋಡಿ, "ಈ ಗೀಟು ಅಳ್ಸಿಬಿಡ್ಲಾ ಅಮ್ಮಾ? ಬಲೆ ಹಾಕೋವಾಗ ಅಡ್ಡ ಆಗ್ತದೆ" ಅಂದ.

ಅತ್ತೆ ಖಾಲಿ ಕುಕ್ಕೆ ಹಿಡಿದು ಏರಿ ಹತ್ತುತ್ತಿದ್ದವರು ನಿಂತು ತಿರುಗಿದರು. "ಇರ್ಲಿ ಬುಡಪ್ಪ" ಅಂದರು. "ಅದ್ರ ಮ್ಯಾಲೆ ಎಲ್ಲೋ ಒಂದ್ ಕಡೆ ನನ್ ಮಗ ಅವ್ನೆ."

ಅವನು ಅಳಿಸಲಿಲ್ಲ. ಕೆರೆಯ ನೀರು ಇನ್ನೂ ಇಳಿದಿಲ್ಲ. ಮರದ ಮೇಲಿನ ಗುರುತೂ ನನ್ನ ಫೋನಿನಲ್ಲಿ ಹಾಗೇ ಇದೆ. ಅವರ ಹೆಸರು ಮಾತ್ರ ಅಳಿಸಿ, 'ನಾನು' ಎಂದು ಬರೆದಿದ್ದೇನೆ.