ಹಗಲಲ್ಲಿ ಕಾಣದ ಬೆಂಕಿ

ನನ್ನ ಗಂಡನಿಗೆ ಕೊಪ್ಪದಲ್ಲಿ ಜೀಪ್ ರಿಪೇರಿಯ ಗ್ಯಾರೇಜು ಇತ್ತು. ಬೇಸಿಗೆಯಲ್ಲಿ ಕೊಯ್ಲಾದ ಗದ್ದೆಗಳಲ್ಲಿ ನಡೆಯುವ ಜೀಪ್ ರೇಸಿಗೆಂದೇ ಹಳೆಯದೊಂದು ಪೆಟ್ರೋಲ್ ಜೀಪು ಇಟ್ಟುಕೊಂಡಿದ್ದರು. ಆ ವರ್ಷ ಅದರ ಇಂಜಿನ್ನಿನ ಬಲ ಹೆಚ್ಚಿಸಲೇಬೇಕೆಂದು ಹಟ ಹಿಡಿದರು. ಮೊದಲು ಅವರ ತಲೆಯಲ್ಲಿದ್ದದ್ದು ನೈಟ್ರಸ್ ಸಿಲಿಂಡರು. ಆಸ್ಪತ್ರೆಯಲ್ಲಿ ಮಂಪರು ಬರಿಸಲು ಕೊಡುವ ಗ್ಯಾಸನ್ನೇ ಇಂಜಿನ್ನಿಗೂ ಕೊಟ್ಟರೆ ಅದು ಹುಚ್ಚೆದ್ದು ಓಡುತ್ತದಂತೆ.

"ಖಾಲಿ ಆದ್ರೆ ಎಲ್ಲಿ ತುಂಬಿಸ್ತೀರಿ? ನಮ್ಮ ಅಡುಗೆ ಗ್ಯಾಸಿನವನ ಹತ್ರವಾ?" ಎಂದೆ, ದೋಸೆ ಮಗುಚುತ್ತ.

"ನೀನೊಬ್ಬಳು ಮಾರಾಯ್ತಿ, ಗಾಡಿ ಹೊರಡೋ ಮುಂಚೆನೇ ಬ್ರೇಕ್ ಹಾಕ್ತೀಯ."

ಆದರೂ ವಿಚಾರಿಸಿಕೊಂಡು ಬಂದರು. ಹತ್ತಿರದಲ್ಲೆಲ್ಲೂ ತುಂಬಿಸಿಕೊಡುವವರಿರಲಿಲ್ಲ. ಕೊನೆಗೆ ಪೆಟ್ರೋಲಿನ ಬದಲು ಸುರಿಯುವ ಮೆಥನಾಲ್ ಎಂಬ ಸ್ಪಿರಿಟ್ಟಿಗೆ ಬಂದು ನಿಂತರು. ನೋಡಲು ನೀರಿನಂತೆಯೇ. ಪೆಟ್ರೋಲಿಗಿಂತ ಎರಡು ಪಟ್ಟು ಕುಡಿಯುತ್ತದೆಂದು ಕಾರ್ಬುರೇಟರಿನ ತೂತು ದೊಡ್ಡದು ಮಾಡಿದರು. ಕ್ಯಾನನ್ನು ನಾನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಆ ವಾಸನೆಯ ಅಂಗಿಗಳನ್ನು ಬೇರೆಯೇ ಒಗೆದು, ಬೇರೆ ಹಗ್ಗದ ಮೇಲೆ ಹರವುತ್ತಿದ್ದೆ.

ಒಂದು ಮಧ್ಯಾಹ್ನ ಅಂಗಳಕ್ಕೆ ಕರೆದರು. ಒಗೆಯುವ ಕಲ್ಲಿನ ಮೇಲೆ ಒಂದು ಚಮಚ ಮೆಥನಾಲ್ ಹುಯ್ದು ಕಡ್ಡಿ ಗೀರಿದರು. ಏನೂ ಕಾಣಲಿಲ್ಲ.

"ಎಂತ, ಹತ್ತಲೇ ಇಲ್ವಲ್ರೀ."

ಅವರು ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಅದರ ಮೇಲೆ ಹಿಡಿದರು. ಹಾಳೆಯ ಅಂಚು ಕಂದಿತು, ಸುರುಟಿಕೊಂಡಿತು, ಕಪ್ಪಾಗಿ ಉದುರಿತು.

"ಬಿಸಿಲಲ್ಲಿ ಇದರ ಬೆಂಕಿ ಕಾಣಲ್ಲ, ಹೊಗೆನೂ ಬರಲ್ಲ. ರೇಸಿಗೆ ಬರೋರಿಗೆ ಯಾರಿಗೂ ಇದು ಗೊತ್ತಿಲ್ಲ. ನೀರಿನ ಬಕೆಟ್ ನಿನ್ನ ಹತ್ರಾನೇ ಇರ್ಲಿ. ನಿಂಗೊಬ್ಬಳಿಗೆ ಗೊತ್ತಿದ್ರೆ ಸಾಕು."

ರೇಸು ಸೀತೂರಿನ ಕಡೆಯ ಒಂದು ಗದ್ದೆಯಲ್ಲಿತ್ತು. ಜೀಪನ್ನು ಮಾವಿನ ಮರದ ಕೆಳಗೆ ನಿಲ್ಲಿಸಿದ್ದರು. ಮರದ ತುಂಬ ಚಗಳಿ ಇರುವೆಯ ಗೂಡು. ನಾನು ಸ್ವಲ್ಪ ದೂರದಲ್ಲಿ ಮಜ್ಜಿಗೆಯ ಪಾತ್ರೆ, ಎರಡು ತುಂಬಿದ ಬಕೆಟ್ ಇಟ್ಟುಕೊಂಡು ಕೂತಿದ್ದೆ. ಮೊದಲ ಸುತ್ತು ಚೆನ್ನಾಗಿ ಓಡಿಸಿ ಬಂದು, ಕಾದ ಇಂಜಿನ್ನಿನ ಪಕ್ಕ ನಿಂತೇ ಕ್ಯಾನಿನಿಂದ ಮತ್ತೆ ತುಂಬತೊಡಗಿದರು. ಮುಂದಿನ ಸುತ್ತಿನ ಜೀಪುಗಳು ಸಾಲಾಗಿ ನಿಂತು ಅಬ್ಬರಿಸುತ್ತಿದ್ದವು. ಇದ್ದಕ್ಕಿದ್ದಂತೆ ಇವರು ಹಿಂದಕ್ಕೆ, ಬಿಸಿಲಿಗೆ ಹಾರಿದರು. ತೋಳು, ಎದೆ ಎಲ್ಲ ಬಡಿದುಕೊಳ್ಳುತ್ತ ಕುಣಿಯತೊಡಗಿದರು. ಬಾಯಿ ತೆರೆದಿತ್ತು. ಆ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ.

"ಚಗಳಿ ಹತ್ತಿತು ಕಣ್ರೋ!" ಎಂದು ಪ್ರತಿ ವರ್ಷ ಇವರ ಜೊತೆ ಬರುವ ಗೆಳೆಯ ನನ್ನ ಪಕ್ಕದಲ್ಲೇ ನಿಂತು ಕೂಗಿ, ಮೊಬೈಲು ಎತ್ತಿ ಹಿಡಿದ. "ಕೊಡವಬೇಡ ಮಾರಾಯ, ಹಿಡ್ಕೊಂಡ್ ಬಾ, ಚಟ್ನಿ ಮಾಡಾಣ!"

ಎಲ್ಲರೂ ನಕ್ಕರು. ನಮ್ಮ ಕಡೆ ಮರದಡಿ ನಿಂತವನು ಹಾಗೆ ಮೈ ಬಡಿದುಕೊಂಡರೆ ಚಗಳಿಯೇ. ಎಂಥ ಗಂಭೀರ ಸ್ವಭಾವದವರನ್ನೂ ಆ ಕೆಂಪಿರುವೆ ಕುಣಿಸುತ್ತದೆ. ನಾನೂ ನಕ್ಕೆ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗದಷ್ಟು ನಕ್ಕೆ. ಇವರು ಬೇರೆ ಯಾರ ಕಡೆಗೂ ಅಲ್ಲ, ನೇರ ನನ್ನ ಕಡೆಗೆ ಓಡಿಬಂದರು. ಹತ್ತಿರ ಬಂದಾಗ ಅಂಗಿಯ ತೋಳು ಕಂದಿ, ಸುರುಟಿ, ಉದುರುವುದು ಕಾಣಿಸಿತು.

ಎರಡೂ ಬಕೆಟ್ ಸುರಿದೆ.

ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಎರಡೂ ಕೈಯ ಬೆರಳುಗಳು ಒಳಕ್ಕೆ ಮಡಚಿಕೊಂಡುಬಿಟ್ಟವು. ಸ್ಪ್ಯಾನರ್ ಹಿಡಿಯಲಾಗದು, ಅಂಗಿಯ ಗುಂಡಿ ಹಾಕಿಕೊಳ್ಳಲಾಗದು. ಅನ್ನ ಕಲಸಿ ನಾನೇ ತುತ್ತು ಕೊಡುತ್ತೇನೆ. ಗ್ಯಾರೇಜಿನಲ್ಲಿ ಈಗ ಬೇರೆಯವರಿದ್ದಾರೆ. ರಸ್ತೆಯಲ್ಲಿ ಜೀಪು ಹೋದರೆ ಇವರು ಇಂಜಿನ್ನಿನ ಸದ್ದು ಕೇಳಿಯೇ, "ಅದರ ಟ್ಯಾಪೆಟ್ ಲೂಸಿದೆ," ಎನ್ನುತ್ತಾರೆ. ಯಾರಿಗೂ ಅಲ್ಲ, ಸುಮ್ಮನೆ.

ಗೆಳೆಯ ಆಗಾಗ ಬರುತ್ತಾನೆ. "ನಮಗೆ ಗೊತ್ತಾಗ್ಲೇ ಇಲ್ಲ ಅತ್ತಿಗೆ. ಕಾಣದ ಬೆಂಕಿ ಅಂದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದು ಅಳುತ್ತಾನೆ. ನಾನು ಹೂಂ ಎನ್ನುತ್ತೇನೆ. ನನಗೆ ಗೊತ್ತಿತ್ತು ಎಂಬುದನ್ನು ಇವರು ಅವನಿಗೆ ಹೇಳಿಲ್ಲ. ನನಗೂ ನೆನಪಿಸಿಲ್ಲ. ಆ ಮೌನದೊಳಗೆ ಏನಿದೆಯೋ ಎಂದು ಹೆದರಿಕೊಂಡೇ ದಿನ ದೂಡುತ್ತಿದ್ದೆ.

ಹೋದ ತಿಂಗಳು ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದಾಗ ಚಾವಡಿಯಿಂದ ಜೀಪುಗಳ ಸದ್ದು ಕೇಳಿತು. ಅವತ್ತಿನ ವಿಡಿಯೋ. ಅಳಿಸಿದೆ ಎಂದಿದ್ದ ಗೆಳೆಯ ಅಳಿಸುವ ಮೊದಲೇ ಯಾರಿಗೋ ಕಳಿಸಿದ್ದನಂತೆ. ಅದು ತಿರುಗಿ ತಿರುಗಿ ಇವರ ಮೊಬೈಲಿಗೇ ಬಂದಿತ್ತು. ನೆಲದ ಮೇಲೆ ಇಟ್ಟು, ಬೆರಳಿನ ಗೆಣ್ಣಿನಿಂದ ಒತ್ತಿ ನೋಡುತ್ತಿದ್ದರು. ಎಲ್ಲರ ನಗುವಿಗಿಂತ ನನ್ನ ನಗುವೇ ಜೋರಾಗಿತ್ತು. ಮುಗಿದ ಮೇಲೆ ಇನ್ನೊಮ್ಮೆ ಒತ್ತಿದರು.

ನಾನು ಬಾಗಿಲಲ್ಲೇ ನಿಂತೆ. ಬೈಯಲಿ ಎಂದು ಕಾದೆ.

"ಬಾರೇ, ಕೂತ್ಕೊ," ಎಂದರು, ಮೊಬೈಲಿನಿಂದ ಕಣ್ಣು ತೆಗೆಯದೆ. "ನೀನು ಹಿಂಗೆ ನಕ್ಕಿದ್ದು ನೋಡಿ ಎಷ್ಟು ವರ್ಷ ಆಗಿತ್ತು ಮಾರಾಯ್ತಿ."