ಖಾರದ ಕೈ ತೊಳೆಸುವ ರೋಷನಬಿ

ಬೆಳಗಿನ ಆರೂವರೆ. ಜನವರಿಯ ಮಂಜು ರಾಣೆಬೆನ್ನೂರಿನ ಮೇಲಿಂದ ಇನ್ನೂ ಸರಿದಿಲ್ಲ. ಮಕ್ಕಳ ಆಸ್ಪತ್ರೆಯೊಂದರ ಎರಡನೇ ಮಹಡಿಯಲ್ಲಿ, ತೀವ್ರ ನಿಗಾ ಘಟಕದ ಬಾಗಿಲ ಹೊರಗಿನ ನಲ್ಲಿಯ ಪಕ್ಕ, ಸ್ಟಾಫ್ ನರ್ಸ್ ರೋಷನಬಿ ಒಬ್ಬ ಹೆಂಗಸಿನ ತೋರುಬೆರಳನ್ನು ತಮ್ಮ ಕೆಳತುಟಿಗೆ ಒತ್ತಿಕೊಂಡು ನಿಂತಿದ್ದಾರೆ. ಕಣ್ಣು ಗೋಡೆ ಗಡಿಯಾರದ ಮೇಲಿದೆ. ಪೂರ್ತಿ ಒಂದು ನಿಮಿಷ. ಬೆರಳು ಕೊಟ್ಟ ಹೆಂಗಸು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವಳಂತೆ ಉಸಿರು ಬಿಗಿಹಿಡಿದಿದ್ದಾಳೆ.

"ಪಾಸ್!" ಎನ್ನುತ್ತಾರೆ ರೋಷನಬಿ. "ಒಂಚೂರೂ ಚುರ್ ಅನ್ನವಲ್ದು. ಇನ್ನೊಂದ್ ಸಲ ಸೋಪ್ ಹಚ್ಚಿ ತೊಳಕೊಂಡು ಒಳಗ ಬಾ, ತಂಗಿ."

ಆದರೆ ಹೆಂಗಸು ಒಳಗೆ ಬರುವುದಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. "ಒಲ್ಲೆ ಸಿಸ್ಟರ್. ನೀವ ಮುಟ್ರಿ. ನನ್ನ ಕೈ ಚಲೋ ಅಲ್ಲ."

ಆಕೆಯ ಹೆಸರು ಗುಡ್ಡವ್ವ. ಕದರಮಂಡಲಗಿಯವಳು, ಇಪ್ಪತ್ತೆರಡರ ಪ್ರಾಯ. ಒಳಗೆ ಮೂರನೇ ಬೆಚ್ಚನೆಯ ಮಂಚದಲ್ಲಿ ಮಲಗಿರುವ ಹೆಣ್ಣುಕೂಸು ಅವಳದು. ಎರಡು ತಿಂಗಳು ಮೊದಲೇ ಹುಟ್ಟಿದೆ. ಹುಟ್ಟಿದಾಗ ತೂಕ ಒಂದು ಕಿಲೋ ಇನ್ನೂರ ನಲವತ್ತು ಗ್ರಾಂ. ಹನ್ನೆರಡನೇ ದಿನವಾದ ಇಂದು ಒಂದು ಕಿಲೋ ನೂರಾ ತೊಂಬತ್ತು. ಒಂದೂವರೆ ಕಿಲೋ ದಾಟಿದರೆ ಮನೆಗೆ. ದಾಟಬೇಕಾದರೆ ತಾಯಿಯ ಹಾಲು ಎಷ್ಟು ಮುಖ್ಯವೋ, ಕೂಸನ್ನು ಬರಿಮೈಯಲ್ಲಿ ಎದೆಗೆ ಅವಚಿ ಕೊಡುವ ತಾಯಿಯ ಕಾವೂ ಅಷ್ಟೇ ಮುಖ್ಯ. ಗುಡ್ಡವ್ವ ಹಾಲನ್ನು ಹಿಂಡಿ ಬಟ್ಟಲಲ್ಲಿ ಕೊಡುತ್ತಾಳೆ. ಕೂಸನ್ನು ಮಾತ್ರ ಮುಟ್ಟುವುದಿಲ್ಲ.

ಯಾಕೆಂದು ತಿಳಿಯಬೇಕಾದರೆ ಬ್ಯಾಡಗಿಗೆ ಹೋಗಬೇಕು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೇಳುವುದುಂಟು. ಅದು ತಿನ್ನುವವರ ಮಾತು. ದಿನಕ್ಕೆ ಹತ್ತು ತಾಸು ಕೂತು ತುಂಬು ಬಿಡಿಸುವ, ಅಂದರೆ ಕಾಯಿಯ ತೊಟ್ಟು ಮುರಿಯುವ ಹೆಂಗಸರನ್ನು ಕೇಳಿ ನೋಡಿ. ಅವರ ಬೆರಳ ಸಂದಿಯಲ್ಲಿ, ಉಗುರಿನಡಿಯಲ್ಲಿ ಸೇರಿಕೊಂಡ ಖಾರ ಮನೆಗೆ ಬಂದು ಮಕ್ಕಳ ಮುಖ ತೊಳೆಸುವಾಗ ಎದ್ದು ನಿಲ್ಲುತ್ತದೆ. ಗುಡ್ಡವ್ವ ನೋವು ಕಾಣಿಸಿಕೊಂಡ ದಿನವೂ ಈ ಕೆಲಸದಲ್ಲೇ ಇದ್ದವಳು. ಹೆರಿಗೆಯಾದ ಮೇಲೆ ಕೂಸಿನ ಕೆನ್ನೆಯನ್ನು ಒಮ್ಮೆ ಸವರಿದಳಂತೆ. ಕೆನ್ನೆ ಕೆಂಪೇರಿ ಕೂಸು ಕಿಟ್ಟನೆ ಚೀರಿತು. ಅಂದಿನಿಂದ ಅವಳ ಕೈ ಸೆರಗಿನೊಳಗೇ ಇದೆ.

ರೋಷನಬಿಯವರಿಗೆ ಈ ಕೈಗಳ ಕತೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂವತ್ತೊಂಬತ್ತು ವರ್ಷದ ಅವರು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲೇ. ಅಪ್ಪ ಬೇಗ ತೀರಿಕೊಂಡರು. ತಾಯಿ ತುಂಬು ಬಿಡಿಸಿಯೇ ಮೂವರು ಹೆಣ್ಣುಮಕ್ಕಳನ್ನು ಸಾಕಿದರು, ಹಿರಿಯವಳನ್ನು ಹುಬ್ಬಳ್ಳಿಗೆ ಕಳಿಸಿ ನರ್ಸಿಂಗ್ ಓದಿಸಿದರು. "ಬುರ್ಕಾ ಹಾಕೋ ಹುಡುಗಿ ಆಸ್ಪತ್ರ್ಯಾಗ ಗಂಡಸರಿಗೆ ಸೂಜಿ ಚುಚ್ಚತಾಳೇನು ಅಂತ ಓಣ್ಯಾಗ ಅಂದ್ರು. ನಮ್ಮಮ್ಮಾ ಏನಂದ್ಲು ಗೊತ್ತೈತೇನ್ರಿ? ಚುಚ್ಚೋದು ನಿಮಗಽ ಮೊದಲು ಅಂದ್ಲು," ಎಂದು ನಗುತ್ತಾರೆ. ಗಂಡನಿಗೆ ಬ್ಯಾಡಗಿಯಲ್ಲಿ ಹೊಲಿಗೆ ಅಂಗಡಿಯಿದೆ. ದಿನಾ ನಸುಕಿಗೇ ಎದ್ದು, ಮೊದಲ ಬಸ್ಸು ಹಿಡಿದು ಇಲ್ಲಿಗೆ ಬರುವುದು ಏಳು ವರ್ಷಗಳ ರೂಢಿ. ಆಸ್ಪತ್ರೆಯ ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಎಲೆಮರೆಯ ಕಾಯಿಯ ಬಗ್ಗೆ ಬರೆಯಬೇಕಾದವನಿಗೆ ಎಲೆಯ ಹೆಸರೇಕೆ ಎಂದು ನಾನೂ ಸುಮ್ಮನಾಗಿದ್ದೇನೆ.

ಘಟಕದಲ್ಲಿ ಆರು ಮಂಚಗಳಿವೆ. ಹಾವೇರಿ, ಅಗಡಿ, ಗಳಗನಾಥ, ಎಲ್ಲೆಲ್ಲಿಂದಲೋ ಅಂಗೈಯಷ್ಟೇ ಇರುವ ಜೀವಗಳು ಇಲ್ಲಿಗೆ ಬರುತ್ತವೆ. ತಿಂಗಳಿಗೆ ಇಪ್ಪತ್ತೈದರಿಂದ ಮೂವತ್ತು. ಎರಡು ತಾಸಿಗೊಮ್ಮೆ ಹಾಲು, ಒಂದೊಂದು ಕೂಸಿಗೆ ಒಂದೊಂದು ಲೆಕ್ಕ. ಗುಡ್ಡವ್ವನ ಮಗಳಿಗೆ ಸದ್ಯ ಹದಿನಾಲ್ಕು ಮಿಲಿ, ಮೂಗಿನ ಸಣ್ಣ ನಳಿಕೆಯಲ್ಲಿ. ಮೂರು ತಾಸಿಗೊಮ್ಮೆ ಮೈಯ ಕಾವು ಅಳೆಯಬೇಕು. ಉಸಿರನ್ನು ಎಣಿಸುವುದು ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡುವ ಸೋಮಾರಿ ಲೆಕ್ಕವಲ್ಲ, ಪೂರ್ತಿ ನಿಮಿಷ. ಔಷಧಿಯ ಪ್ರಮಾಣವನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಸಿರಿಂಜು ನೋಡಿ ಹೂಂ ಅನ್ನಬೇಕು. ಒಂದು ಪಾಳಿಯಲ್ಲಿ ತಾವು ಎಷ್ಟು ಸಲ ಕೈ ತೊಳೆಯುತ್ತೀರಿ ಎಂದು ಕೇಳಿದೆ. "ಎಣಿಸಿಲ್ರಿ. ಪುಷ್ಪಲತಾ ಒಮ್ಮೆ ಎಣಿಸಿದ್ಲು, ತೊಂಬತ್ತಾರು ಅಂದ್ಲು," ಎನ್ನುತ್ತಾರೆ. ಪುಷ್ಪಲತಾ ಅವರ ಜೊತೆಯ ನರ್ಸ್. ರೋಷನಬಿಯವರ ಬೆರಳುಗಳ ಚರ್ಮ ಒಡೆದು ಹಳೆಯ ಗೋಡೆಯಂತಾಗಿದೆ, ಅದನ್ನು ಅವರು ನನಗೆ ತೋರಿಸಲಿಲ್ಲ, ನಾನೇ ನೋಡಿದೆ.

ತಮ್ಮ ಕೈಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದವರು ಬೇರೆಯವರ ಕೈಯನ್ನು ಬಿಡುತ್ತಾರೆಯೇ? ಮೆಣಸಿನಕಾಯಿ ದಲಾಲಿಯ ಸಾವಕಾರರೊಬ್ಬರು ಮೊಮ್ಮಗನನ್ನು ನೋಡಲು ನಾಲ್ಕು ಬೆರಳಿಗೆ ಉಂಗುರ ಹಾಕಿಕೊಂಡು ಬಂದಿದ್ದರಂತೆ. ಉಂಗುರ ಬರುವುದಿಲ್ಲ, ಮೂವತ್ತು ವರ್ಷದ್ದು ಎಂದರು. "ಸೋಪ್ ಹಚ್ಚಿದ್ರ ಬರತೈತ್ರಿ ಸಾವಕಾರ್ರ. ಬರಲಿಲ್ಲಂದ್ರ ಕಿಟಕ್ಯಾಗಿಂದ ನೋಡ್ರಿ, ಮೊಮ್ಮಗ ಅಲ್ಲಿಂದೂ ಚಂದ ಕಾಣಸ್ತಾನ," ಎಂದರು ಇವರು. ಉಂಗುರಗಳು ಬಂದವು. ಬಾಣಂತಿಯರ ಗಾಜಿನ ಬಳೆಗಳನ್ನು ಮಾತ್ರ ತೆಗೆಸುವುದಿಲ್ಲ. ಮೊಣಕೈವರೆಗೆ ಸರಿಸಿ ಬಟ್ಟೆಪಟ್ಟಿಯಿಂದ ಕಟ್ಟುತ್ತಾರೆ. ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚಲು ಬಿಡುವುದಿಲ್ಲ; ದೃಷ್ಟಿಬೊಟ್ಟು ಬೇಕೇಬೇಕು ಎನ್ನುವವರಿಗೆ ಮಂಚದ ಕಾಲು ಇದೆ. ಆರೂ ಮಂಚಗಳ ಕಾಲಿಗೆ ಕಪ್ಪು ಬೊಟ್ಟುಗಳು ಸಾಲಾಗಿ ಕೂತಿವೆ. ಕದರಮಂಡಲಗಿಯ ಹನುಮಪ್ಪನ ಅಂಗಾರವನ್ನು ಗುಡ್ಡವ್ವನ ಅತ್ತೆ ಉಚ್ಚಂಗೆವ್ವ ತಂದಾಗ, ರೋಷನಬಿ ಅದನ್ನು ಚಿಕ್ಕ ಪೊಟ್ಟಣ ಕಟ್ಟಿ ಮಂಚದ ಕಂಬಕ್ಕೆ ತಾವೇ ತೂಗುಹಾಕಿದರು.

ಇನ್ನು ತುಟಿಯ ಪರೀಕ್ಷೆ. ಅದು ಶುರುವಾದದ್ದು ಒಂದು ತಪ್ಪಿನಿಂದ, ಮತ್ತು ಆ ತಪ್ಪು ಅವರದೇ. ಐದು ವರ್ಷದ ಹಿಂದಿನ ಮಾತು. ತುಂಬು ಬಿಡಿಸುವ ಒಬ್ಬ ಅಜ್ಜಿಗೆ ಮೊಮ್ಮಗುವನ್ನು ಎತ್ತಿಕೊಳ್ಳಲು ಬಿಟ್ಟಿದ್ದರು. ಅಜ್ಜಿ ನಿಯಮದಂತೆ ಮೂರು ಸಲ ಸೋಪು ಹಚ್ಚಿ ಕೈ ತೊಳೆದಿದ್ದಳು. ಪಕ್ಕದಲ್ಲಿ ನಿಂತು ತೊಳೆಸಿದವರು ರೋಷನಬಿ. ಅಜ್ಜಿ ಮಗುವಿನ ಕಣ್ಣೊರೆಸಿದಳು. ಸಂಜೆಗೆ ರೆಪ್ಪೆಗಳು ಊದಿಕೊಂಡವು. ಸೋಂಕು ಎಂದು ಹನಿ ಹಾಕಿದ್ದಾಯಿತು, ಬೇರೆ ಕೋಣೆಗೆ ಸಾಗಿಸಿದ್ದಾಯಿತು. ಎರಡು ದಿನ ಆ ಅಜ್ಜಿ ಬಂದು ಬಂದು ಕಣ್ಣೊರೆಸುತ್ತಲೇ ಇದ್ದಳು. ಮೂರನೇ ದಿನ ರೋಷನಬಿ ಮನೆಯಲ್ಲಿ ತಾಯಿಗೆ ಈ ವಿಷಯ ಹೇಳಿದರು.

"ಅಮ್ಮಾ ನಮ್ಮ ಮನಿ ಉರ್ದುದಾಗ ಬೈದ್ಲು, ನಿಮಗ ಕನ್ನಡದಾಗ ಹೇಳತೇನಿ. ಸೋಪಿಗೆ ಖಾರ ಹೋಗತೈತೇನ ಹುಚ್ಚಿ? ಎಣ್ಣಿ ಹಚ್ಚಿ ತಿಕ್ಕಿ ಆಮ್ಯಾಲೆ ಸೋಪ್ ಹಚ್ಚಬೇಕು. ನಾ ಹಂಗ ಮಾಡಿ ನಿನ್ನ ಎತಗೊಂತಿದ್ದೆ, ಅದನ್ನ ಮರತ್ಯಾ? ಅಂದ್ಲು. ಖರೇ ಹೇಳತೇನ್ರಿ, ಮರತಿದ್ದೆ. ಪುಸ್ತಕದಾಗ ಸೋಪು ನೀರು ಅಂತ ಇತ್ತು, ನಾ ಅದನ್ನಽ ಹಿಡಕೊಂಡಿದ್ದೆ."

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ ಇರಬೇಕು. ಮಗುವಿನ ಕಣ್ಣು ಉಳಿಯಿತು. ಯಾರಿಗೂ ಗೊತ್ತಾಗದಂತೆ ಇವರು ಸುಮ್ಮನಿದ್ದುಬಿಡಬಹುದಿತ್ತು. ಮಾರನೇ ಬೆಳಿಗ್ಗೆ ಘಟಕದ ವಹಿಯಲ್ಲಿ ಬರೆದರು: ಕಣ್ಣಿನ ಊತಕ್ಕೆ ಸೋಂಕು ಕಾರಣವಲ್ಲ, ಮೆಣಸಿನಕಾಯಿ, ಕೈ ತೊಳೆಸಿದ್ದು ನಾನು, ತಪ್ಪು ನನ್ನದು. ಸಹಿ ಹಾಕಿ, ಒಂದು ಬಾಟಲಿ ಶೇಂಗಾ ಎಣ್ಣೆ ಸೋಪಿನ ಪಕ್ಕಕ್ಕಿಟ್ಟರು. ಅಂದಿನಿಂದ, ತೊಳೆದ ಬೆರಳನ್ನು ತಮ್ಮ ತುಟಿಗೆ ಒತ್ತಿ ಖಾರ ಉಳಿದಿಲ್ಲವೆಂದು ನೋಡಿಯೇ ಒಳಗೆ ಬಿಡುತ್ತಾರೆ. ಮಕ್ಕಳ ವೈದ್ಯ ಡಾ. ಪ್ರವೀಣಕುಮಾರ ಆ ಪುಟವನ್ನು ನನಗೆ ತೋರಿಸುತ್ತಾರೆ. "ನಾನು ಓದಿದ ಪುಸ್ತಕ ಬರೆದವರು ಬ್ಯಾಡಗಿ ನೋಡಿಲ್ಲ ನೋಡ್ರಿ. ಇವರು ಬರೀಲಿಲ್ಲಂದ್ರ ನಾನೂ ಇವತ್ತಿಗೂ ಹನಿ ಹಾಕ್ಕೋತ ಕುಂದರತಿದ್ದೆ," ಎಂದು ಒಪ್ಪಿಕೊಳ್ಳುತ್ತಾರೆ. ಇಂಥ ವಹಿ ನಮ್ಮ ಎಷ್ಟು ಕಚೇರಿಗಳಲ್ಲಿ ಇದೆ ಎಂದು ನಾನು ಯೋಚಿಸುತ್ತಿದ್ದೇನೆ.

ಈಗ ಗುಡ್ಡವ್ವನ ಕತೆಗೆ ಬರೋಣ. ಹನ್ನೆರಡು ದಿನದಿಂದ ಅವಳು ತುಂಬು ಬಿಡಿಸಿಲ್ಲ; ಕೈಯ ಹಳೆಯ ಖಾರ ಯಾವಾಗಲೋ ಹೋಗಿದೆ. ಆದರೂ ಊರಿಂದ ಬುತ್ತಿ ಬರುತ್ತದೆ, ರೊಟ್ಟಿಯ ಜೊತೆ ಕೆಂಪು ಚಟ್ನಿ ಇರುತ್ತದೆ, ಅದಕ್ಕಾಗಿ ಪರೀಕ್ಷೆ ತಪ್ಪುವುದಿಲ್ಲ. ದಿನವೂ ಪಾಸಾಗುತ್ತಾಳೆ, ದಿನವೂ ಬಾಗಿಲಿಂದ ಹಿಂದೆ ಸರಿಯುತ್ತಾಳೆ. ಅತ್ತೆ ಎದೆಗೆ ಹಾಕಿಕೊಂಡು ನೋಡಿದ್ದಾಳೆ, ಆದರೆ ಗೂರಲು ಇರುವ ಮುದುಕಿ, ಕೆಮ್ಮು ಬಂದರೆ ಕೂಸನ್ನು ವಾಪಸು ಕೊಡಬೇಕಾಗುತ್ತದೆ. ಇವತ್ತು ತೂಕ ಮತ್ತೆ ಹತ್ತು ಗ್ರಾಂ ಇಳಿದಿದೆ. ಅದನ್ನು ಬರೆಯುವಾಗ ರೋಷನಬಿಯವರ ಮುಖ ಸಣ್ಣದಾಗುತ್ತದೆ.

ಪೆನ್ನು ಮುಚ್ಚಿ ಅವರು ಹೊರಗೆ ಬರುತ್ತಾರೆ. ಅತ್ತೆ ತಂದ ಬುತ್ತಿ ಉಂಡ ಗುಡ್ಡವ್ವ, ಅವಳ ಜೊತೆ ಅದೇ ನಲ್ಲಿಯ ಪಕ್ಕ ಗೋಡೆಗೆ ಒರಗಿ ಕೂತಿದ್ದಾಳೆ.

"ನನ್ನ ಮಾತು ನಂಬಂಗಿಲ್ಲೇನ?"

"ನೀವು ನನ್ನ ಸಮಾಧಾನಕ್ಕ ಹೇಳತೀರಿ ಸಿಸ್ಟರ್. ತುಟಿ ಉರದ್ರೂ ತಡಕೊಂತೀರಿ."

 ರೋಷನಬಿ ಅವಳನ್ನು ಎಬ್ಬಿಸಿ ನಿಲ್ಲಿಸಿ ಎಣ್ಣೆ ಹಚ್ಚಿ ತಿಕ್ಕಿಸುತ್ತಾರೆ, ಸೋಪು ಹಚ್ಚಿಸುತ್ತಾರೆ, ಒರೆಸುತ್ತಾರೆ. ಆಮೇಲೆ ಅವಳ ತೋರುಬೆರಳನ್ನು ಹಿಡಿದು, ತಮ್ಮ ಬಲಗಣ್ಣಿನ ಕೆಳರೆಪ್ಪೆಯನ್ನು ಎಳೆದು, ಒಳಗಿನ ಕೆಂಪಿಗೇ ಮುಟ್ಟಿಸಿಬಿಡುತ್ತಾರೆ. "ಯವ್ವಾ, ಈಗಷ್ಟ ಚಟ್ನಿ ತಿಂದಾಳ್ರೀ!" ಎಂದು ಉಚ್ಚಂಗೆವ್ವ ಕೂಗುತ್ತಾಳೆ. ನಾನೂ ಎದ್ದು ನಿಲ್ಲುತ್ತೇನೆ.

"ತುಟಿ ತಡಕೊಂತೈತಿ, ಹೌದು. ಕಣ್ಣು ತಡಕೊಂತೈತೇನ? ನೋಡು. ನೀನ ನೋಡು."

ಗುಡ್ಡವ್ವ ನೋಡುತ್ತಾಳೆ. ಇಷ್ಟು ಹತ್ತಿರದಿಂದ ಅವಳು ಯಾರ ಕಣ್ಣನ್ನೂ ನೋಡಿರಲಿಕ್ಕಿಲ್ಲ. ಕಣ್ಣು ಕೆಂಪಾಗುವುದಿಲ್ಲ. ನೀರು ಬರುವುದಿಲ್ಲ. ಅರ್ಧ ನಿಮಿಷ ಕಳೆಯುತ್ತದೆ, ಒಂದು ನಿಮಿಷವಾಗುತ್ತದೆ. ನೀರು ಬರುವುದು ಗುಡ್ಡವ್ವನ ಕಣ್ಣಲ್ಲಿ. ಇಬ್ಬರೂ ಮತ್ತೆ ಕೈ ತೊಳೆದು ಒಳಗೆ ಹೋಗುತ್ತಾರೆ. ಗಾಜಿನಾಚೆ ನನಗೆ ಕಾಣುವುದು ಇಷ್ಟೇ: ಕುರ್ಚಿಯಲ್ಲಿ ಒರಗಿದ ಒಬ್ಬಳು, ಅವಳೆದೆಯ ಮೇಲೆ ಟೊಪ್ಪಿಗೆ ಹಾಕಿದ ಪುಟ್ಟ ತಲೆ, ಮತ್ತು ಮೊದಲು ಗಾಳಿಯಲ್ಲೇ ನಿಂತು, ಆಮೇಲೆ ನಿಧಾನಕ್ಕೆ ಕೂಸಿನ ಬೆನ್ನ ಮೇಲೆ ಇಳಿದ ಎರಡು ಕೈಗಳು. ಕೂಸು ಅಳುವುದಿಲ್ಲ. 

"ನಾನು ಹಿಂಗ ಮಾಡಾಕ ಯಾವ ನರ್ಸಿಗೂ ಹೇಳಂಗಿಲ್ಲ," ಎಂದು ಡಾಕ್ಟರು ಆಮೇಲೆ ಗದರಿಸಿದರು. ರೋಷನಬಿ ತಲೆ ತಗ್ಗಿಸಿ ಹೂಂ ಅಂದರು. ಮತ್ತೆ ಮಾಡುವುದಿಲ್ಲ ಎಂದು ಮಾತ್ರ ಅನ್ನಲಿಲ್ಲ.

ಹದಿನೈದು ದಿನ ಬಿಟ್ಟು ನಾನು ಮತ್ತೆ ಹೋಗುತ್ತೇನೆ. ಮೂರನೇ ಮಂಚದ ಕೂಸು ಈಗ ಒಂದು ಕಿಲೋ ನಾನೂರ ಅರವತ್ತು. ಇನ್ನು ನಲವತ್ತು ಗ್ರಾಂ, ಹೆಚ್ಚೆಂದರೆ ಮೂರು ದಿನ. ದಿನಕ್ಕೆ ಎಂಟು ತಾಸು ತಾಯಿಯ ಎದೆಯ ಮೇಲೆ ಇರುತ್ತದಂತೆ. ನಿಮಗೆ ಏನು ಬೇಕು ಎಂದು ರೋಷನಬಿಯವರನ್ನು ಕೇಳಿದರೆ, ಪ್ರಶಸ್ತಿಯ ಮಾತಿಗೆ ಕೈಯಾಡಿಸುತ್ತಾರೆ. "ಮೊಣಕೈಲೆ ತಿರುವೋ ನಳ ಬರತಾವಂತಲ್ರಿ? ಅಂಥಾದೊಂದು ಹಾಕಿಸಿದ್ರ ಸಾಕು. ತೊಳದ ಕೈಲೆ ಮತ್ತ ನಳ ಮುಟ್ಟೂದು ನನಗ ಸಂಕಟ ಆಗತೈತಿ."

ಮಧ್ಯಾಹ್ನದ ಊಟದ ಹೊತ್ತು. ಹೊರಗಿನ ಪಡಸಾಲೆಯಲ್ಲಿ ಉಚ್ಚಂಗೆವ್ವ ಬುತ್ತಿ ಬಿಚ್ಚಿದ್ದಾಳೆ. ಗುಡ್ಡವ್ವ ಬಂದು ಎದುರಿಗೆ ಕೂರುತ್ತಾಳೆ, ಆದರೆ ರೊಟ್ಟಿಗೆ ಕೈ ಹಾಕುವುದಿಲ್ಲ. ತೊಳೆದ ಎರಡೂ ಕೈಗಳನ್ನು ಮೇಲಕ್ಕೆತ್ತಿ ಹಿಡಿದಿದ್ದಾಳೆ.

"ಚಟ್ನಿ ಮುಟ್ಟಂಗಿಲ್ಲ ಅತ್ತಿ. ಎರಡಕ್ಕ ಕೂಸಿನ್ನ ತಗೋಬೇಕು. ನೀನಽ ತಿನಸು."

"ಹಡದಾಕಿ ನೀನೋ, ಹುಟ್ಟಿದಾಕಿ ನೀನೋ!" ಎಂದು ಗೊಣಗುತ್ತಲೇ ಮುದುಕಿ ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಸೊಸೆಯ ಬಾಯಿಗೆ ತುತ್ತಿಡುತ್ತಾಳೆ. ಗುಡ್ಡವ್ವ ಕೈ ಇಳಿಸದೆ ತಿನ್ನುತ್ತಾಳೆ.

ಬಾಗಿಲಲ್ಲಿ ನಿಂತ ರೋಷನಬಿ ಒಳಗೆ ಹೋಗುವುದನ್ನೇ ಮರೆತಿದ್ದಾರೆ. ನಾನು ಅವರತ್ತ ತಿರುಗಿದಾಗ ಮೆಲ್ಲಗೆ ಹೇಳುತ್ತಾರೆ:

"ಇದನ್ನ ನಾ ಹೇಳಿಕೊಟ್ಟಿಲ್ರಿ."